‘ಅಂಗೈಯಗಲದ ದೇಶ’ ಅಂತ ನಕ್ಕವರಿಗೊಂದು ಬಹಿರಂಗ ಪತ್ರ

ಕನ್ನಡ ಸುದ್ದಿ ವಾಹಿನಿಗಳ ಸಂಪಾದಕರಿಗೆ, ನಿರೂಪಕರಿಗೆ, ಹಾಗೂ ಯೂಟ್ಯೂಬ್‌ನಲ್ಲಿ ದಿನಾ ವಿದೇಶಿ ಸುದ್ದಿ ಹೇಳುವ ಎಲ್ಲ ಗೆಳೆಯರಿಗೆ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಿಂದ ಒಬ್ಬ ಕನ್ನಡತಿಯ ನಮಸ್ಕಾರಗಳು.

ಮಾನ್ಯರೇ,

ಜನವರಿ ಕೊನೆಯ ಒಂದು ಸಂಜೆ. ಇಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತದೆ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ ಇದೆ. ಮೆಷಿನ್ ನಿಲ್ಲಲು ಇನ್ನೂ ಹದಿನೈದು ನಿಮಿಷ ಇತ್ತು. ಸುಮ್ನೆ ಕೂತು ಫೋನಿನಲ್ಲಿ ನಿಮ್ಮಲ್ಲೊಂದು ವಾಹಿನಿಯ ಚರ್ಚೆ ನೋಡುತ್ತಿದ್ದೆ. ವಿಷಯ ಗ್ರೀನ್‌ಲ್ಯಾಂಡ್, ಡೆನ್ಮಾರ್ಕಿಗೆ ಸೇರಿದ, ಅಮೆರಿಕ ತನಗೆ ಬೇಕೆಂದ ದ್ವೀಪ. ಪರದೆಯ ಒಂದು ಕಡೆ ಅಮೆರಿಕದ ಹದ್ದು, ಇನ್ನೊಂದು ಕಡೆ ಡೆನ್ಮಾರ್ಕಿನ ಕೆಂಪು ಬಿಳುಪು ಬಾವುಟ ಹಿಡಿದು ಗಡಗಡ ನಡುಗುವ ಆಟಿಕೆ ಸೈನಿಕ. ಕೆಳಗೆ ದಪ್ಪಕ್ಷರದಲ್ಲಿ, ‘ಅಂಗೈಯಗಲದ ದೇಶಕ್ಕೆ ಮೀಸೆ ತಿರುವೋ ಆಸೆ!’ ಚರ್ಚೆಗೆ ಬಂದಿದ್ದ ತಜ್ಞರೊಬ್ಬರು ಹೇಳಿದರು: “ಇವರ ಸೈನ್ಯ ಅಂದ್ರೆ ನಮ್ಮೂರಿನ ಎರಡು ಪೊಲೀಸ್ ಠಾಣೆ. ಯಾವ ಯುದ್ಧಕ್ಕೆ ಹೋಗಿದ್ದಾರೆ ಇವರು? ಅಮೆರಿಕದ ನೆರಳಲ್ಲಿ ಬೆಣ್ಣೆ ತಿನ್ಕೊಂಡು ಕೂತಿದ್ದಾರೆ.” ಎಲ್ಲರೂ ನಕ್ಕರು. ನಿಜ ಹೇಳಬೇಕೆಂದರೆ, ಬೆಣ್ಣೆಯ ಮಾತಿಗೆ ನನಗೂ ಅರೆಗಳಿಗೆ ನಗು ಬಂತು.

ಅಷ್ಟರಲ್ಲಿ ಮೇಲಿನ ಮಹಡಿಯವರು ಬಟ್ಟೆ ಬುಟ್ಟಿ ಹಿಡಿದು ಒಳಗೆ ಬಂದರು. ಸಿಟಿ ಬಸ್ ಓಡಿಸುತ್ತಾರೆ. ಐವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಫೋನಿನಲ್ಲಿ ತಮ್ಮ ಬಾವುಟ ಕಂಡು ನಿಂತರು. “ನಮ್ಮ ಬಗ್ಗೆ ಏನೋ ಹೇಳ್ತಿದ್ದಾರೆ ಅಲ್ವಾ? ಏನಂತೆ?” ಅಂತ ಕೇಳಿದರು. “ಗ್ರೀನ್‌ಲ್ಯಾಂಡಿನ ಚಳಿ ಬಗ್ಗೆ” ಅಂದೆ. ಅವರು ಆ ನಡುಗುವ ಆಟಿಕೆ ಸೈನಿಕನನ್ನು ಇನ್ನೊಂದು ಸಲ ನೋಡಿದರು. ಏನೂ ಹೇಳದೆ ತಮ್ಮ ಮೆಷಿನ್ ತೆಗೆದು ಬಟ್ಟೆ ತುಂಬಿದರು.

ಅವರು ಅಫ್ಘಾನಿಸ್ತಾನದ ಹೆಲ್ಮಂಡ್ ಪ್ರಾಂತ್ಯದಲ್ಲಿ, ಗೆರೆಷ್ಕ್ ಎಂಬ ಊರಿನ ಸುತ್ತ ಆರು ತಿಂಗಳು ಗಸ್ತು ತಿರುಗಿದವರು. ನಮ್ಮ ಹಿತ್ತಲಲ್ಲಿ ಯಾರಾದರೂ ಹೊಸದಾಗಿ ಮಣ್ಣು ಅಗೆದು ಮುಚ್ಚಿದ್ದರೆ ಇವತ್ತಿಗೂ ಅದರ ಮೇಲೆ ಕಾಲಿಡುವುದಿಲ್ಲ. ಸುತ್ತು ಹಾಕಿಕೊಂಡು ಹೋಗುತ್ತಾರೆ. ಮೊದಮೊದಲು ಗಿಡದ ಮೇಲಿನ ಕಾಳಜಿ ಅಂದುಕೊಂಡಿದ್ದೆ. ರಸ್ತೆಬದಿಯ ಮಣ್ಣಲ್ಲಿ ಬಾಂಬ್ ಹೂಳುತ್ತಿದ್ದ ಊರಿನಿಂದ ಬಂದ ಅಭ್ಯಾಸ ಅದು ಅಂತ ಗೊತ್ತಾಗಿದ್ದು ಆಮೇಲೆ, ಅದೂ ಅವರ ಹೆಂಡತಿಯಿಂದ.

ಅವತ್ತು ಅವರಿಗೆ ಸುಳ್ಳು ಹೇಳಿದೆನಲ್ಲ, ಅದರ ಇರುಸುಮುರುಸಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸೈನ್ಯದ ವಿಷಯದಲ್ಲಿ ತಜ್ಞೆ ಅಲ್ಲ. ಒಂದು ಔಷಧ ಕಂಪನಿಯಲ್ಲಿ ಅಂಕಿಅಂಶ ನೋಡುವ ಕೆಲಸ. ಹಾಗಾಗಿ ನಿಮ್ಮ ತಜ್ಞರ ಪ್ರಶ್ನೆಯನ್ನು ಲೆಕ್ಕದಂತೆಯೇ ತೆಗೆದುಕೊಂಡೆ. ಯಾವ ಯುದ್ಧಕ್ಕೆ ಹೋಗಿದ್ದಾರೆ ಇವರು?

2001ರ ಸೆಪ್ಟೆಂಬರ್ 11ರ ದಾಳಿ ಆದ ಮರುದಿನ ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟ ನ್ಯಾಟೋ ತನ್ನ ಒಪ್ಪಂದದ ಐದನೇ ವಿಧಿಯನ್ನು ಕೈಗೆತ್ತಿಕೊಂಡಿತು. ಒಬ್ಬರ ಮೇಲೆ ದಾಳಿ ಆದರೆ ಎಲ್ಲರ ಮೇಲೂ ಆದಂತೆ ಅನ್ನುವ ವಿಧಿ ಅದು. ನ್ಯಾಟೋ ಹುಟ್ಟಿದ್ದು 1949ರಲ್ಲಿ, ಅವತ್ತಿನ ಹನ್ನೆರಡು ದೇಶಗಳಲ್ಲಿ ಡೆನ್ಮಾರ್ಕೂ ಒಂದು. ಇಷ್ಟು ವರ್ಷದಲ್ಲಿ ಆ ವಿಧಿ ಬಳಸಿದ್ದು ಅದೊಂದೇ ಸಲ, ಅದೂ ಅಮೆರಿಕಕ್ಕಾಗಿ. 2002ರ ಆರಂಭದಲ್ಲೇ ಡೇನಿಷ್, ಅಂದರೆ ಡೆನ್ಮಾರ್ಕಿನ, ಕಮಾಂಡೋಗಳು ಅಫ್ಘಾನಿಸ್ತಾನದಲ್ಲಿದ್ದರು. ಅದೇ ಮಾರ್ಚ್ 6ರಂದು ಕಾಬೂಲಿನಲ್ಲಿ ಹಳೆಯ ಸೋವಿಯತ್ ಕ್ಷಿಪಣಿಗಳನ್ನು ನಿಷ್ಕ್ರಿಯ ಮಾಡುವಾಗ ಒಂದು ಸಿಡಿದು ಮೂವರು ಡೇನರು, ಇಬ್ಬರು ಜರ್ಮನ್ನರು ಸತ್ತರು.

ಆಮೇಲೆ ಬಂದದ್ದು ಹೆಲ್ಮಂಡ್. ತಾಲಿಬಾನಿಗಳ ಭದ್ರಕೋಟೆ, ಅಫೀಮು ಬೆಳೆಯುವ ನಾಡು. 2006ರ ಬೇಸಿಗೆಯಲ್ಲಿ ಮೂಸಾ ಕಲಾ ಪಟ್ಟಣದ ಕಾವಲು ನೆಲೆಯನ್ನು ತಾಲಿಬಾನ್ ಸುತ್ತುವರಿದಾಗ ಒಳಗೆ ನುಗ್ಗಿ ವಾರಗಟ್ಟಲೆ ಕಾದಾಡಿದ್ದು ಡೇನರ ಒಂದು ಗಸ್ತು ತುಕಡಿ. ಮರುವರ್ಷ ಅಲ್ಲಿಗೆ ಲೆಪರ್ಡ್ ಟ್ಯಾಂಕ್‌ಗಳನ್ನೂ ಕಳಿಸಿದರು. ಒಂದು ಹಂತದಲ್ಲಿ ಹೆಲ್ಮಂಡಿನಲ್ಲಿ ಸುಮಾರು 750 ಜನ ಇದ್ದರು. ಕೆಲವು ದೇಶಗಳು ‘ನಮ್ಮವರು ರಾತ್ರಿ ಗಸ್ತಿಗೆ ಬರಲ್ಲ’, ‘ಈ ಪ್ರಾಂತ್ಯ ಬಿಟ್ಟು ಹೊರಗೆ ಬರಲ್ಲ’ ಅಂತೆಲ್ಲ ಷರತ್ತು ಹಾಕಿ ಸೈನಿಕರನ್ನು ಕಳಿಸಿದ್ದವು. ಡೆನ್ಮಾರ್ಕ್ ಆ ಸಾಲಿಗೆ ಸೇರಿದ್ದಲ್ಲ.

ಅಫ್ಘಾನಿಸ್ತಾನದಲ್ಲಿ ಸತ್ತ ಡೇನಿಷ್ ಸೈನಿಕರು 44 ಮಂದಿ. “ಅಷ್ಟೇನಾ?” ಅಂತ ನಿಮ್ಮ ತಜ್ಞರು ಕೇಳಬಹುದು. ಆಗ ಈ ದೇಶದ ಜನಸಂಖ್ಯೆ ಸುಮಾರು 55 ಲಕ್ಷ. ಈಗಲೂ 60 ಲಕ್ಷ, ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ. ಹತ್ತು ಲಕ್ಷ ಜನಕ್ಕೆ ಎಂಟು ಸಾವು ಅಂತಾಯಿತು. ಅಮೆರಿಕ ಅಲ್ಲಿ ಕಳೆದುಕೊಂಡದ್ದು 2,400ಕ್ಕೂ ಹೆಚ್ಚು ಸೈನಿಕರನ್ನು, ಆಗ ಅದರ ಜನಸಂಖ್ಯೆ 31 ಕೋಟಿಯ ಆಸುಪಾಸು. ಭಾಗಿಸಿ ನೋಡಿ. ಅಲ್ಲೂ ಹತ್ತು ಲಕ್ಷಕ್ಕೆ ಸುಮಾರು ಎಂಟೇ. ಬ್ರಿಟನ್ನಿನ 457 ಸಾವುಗಳನ್ನು ಹೀಗೇ ಭಾಗಿಸಿದರೆ ಏಳು ಚಿಲ್ಲರೆ ಬರುತ್ತದೆ. 13 ಲಕ್ಷ ಜನರ ಎಸ್ಟೋನಿಯಾ ಒಂಬತ್ತು ಜನರನ್ನು ಕಳೆದುಕೊಂಡಿತು. ನ್ಯಾಟೋ ಸದಸ್ಯನೇ ಅಲ್ಲದ ಪುಟ್ಟ ಜಾರ್ಜಿಯಾ ಸುಮಾರು ಮೂವತ್ತು ಜನರನ್ನು. ಇದಕ್ಕೆ ತಜ್ಞರೇನೂ ಬೇಕಿಲ್ಲ, ಫೋನಿನ ಕ್ಯಾಲ್ಕ್ಯುಲೇಟರ್ ಸಾಕು.

ಈ ತಪ್ಪು ನಿಮ್ಮೊಬ್ಬರದೇ ಅಲ್ಲ, ಅದೂ ಗೊತ್ತು. ಡೆನ್ಮಾರ್ಕ್ ಒಳ್ಳೆಯ ಮಿತ್ರನಂತೆ ನಡೆದುಕೊಳ್ಳುತ್ತಿಲ್ಲ ಅಂತ ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ 2025ರಲ್ಲೇ ಹೇಳಿದ್ದರು. 2026ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್, ಮಿತ್ರದೇಶಗಳ ಪಡೆಗಳು ಅಫ್ಘಾನಿಸ್ತಾನದಲ್ಲಿ ಮುಂಚೂಣಿಯಿಂದ ಸ್ವಲ್ಪ ಹಿಂದೆಯೇ ಉಳಿದಿದ್ದವು ಅಂದರು. ಅದಾದ ಮೇಲೆ ಇಲ್ಲಿನ ಮಾಜಿ ಸೈನಿಕರು ಅಮೆರಿಕ ರಾಯಭಾರ ಕಚೇರಿಯವರೆಗೆ ಮೌನವಾಗಿ ಮೆರವಣಿಗೆ ಹೋದರು. ಘೋಷಣೆ ಇಲ್ಲ, ಕೂಗಾಟ ಇಲ್ಲ. ನಮ್ಮ ಮೇಲಿನ ಮಹಡಿಯವರು ಹೋಗಲಿಲ್ಲ. ಅವತ್ತು ಅವರಿಗೆ ಡ್ಯೂಟಿ ಇತ್ತು. ರಜೆ ಕೇಳಲಿಲ್ಲವಾ ಅಂತ ನಾನೂ ಕೇಳಲಿಲ್ಲ. ಟ್ರಂಪ್ ಹೇಳಿದ್ದು ಅವರ ರಾಜಕೀಯ. ಅದನ್ನೇ ಗಿಣಿಪಾಠ ಮಾಡಿ ಕನ್ನಡದಲ್ಲಿ ಹೇಳುವ ಅವಸರ ನಿಮಗೇನಿತ್ತು?

ಅಮೆರಿಕದವರದೇ ಇನ್ನೊಂದು ಮಾತು ಕೇಳಿ. 2011ರ ಜೂನ್‌ನಲ್ಲಿ ಆಗಿನ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಬ್ರಸೆಲ್ಸ್‌ನಲ್ಲಿ ನಿಂತು ಯುರೋಪಿನ ದೇಶಗಳಿಗೆ ಚೆನ್ನಾಗಿ ಬೆಂಡೆತ್ತಿದರು. ಹಣ ಹಾಕಲ್ಲ, ಹೊಣೆ ಹೊರಲ್ಲ ಅಂತ. ಆದರೆ ಅದೇ ಭಾಷಣದಲ್ಲಿ, ಆಗ ಲಿಬಿಯಾದಲ್ಲಿ ನ್ಯಾಟೋ ನಡೆಸುತ್ತಿದ್ದ ವಾಯುದಾಳಿಯ ಲೆಕ್ಕ ಕೊಟ್ಟರು. ಅಲ್ಲಿ ದಾಳಿ ಮಾಡುವ ವಿಮಾನಗಳಲ್ಲಿ ನಾರ್ವೆ, ಡೆನ್ಮಾರ್ಕ್ ಎರಡೂ ಸೇರಿ ಕೊಟ್ಟದ್ದು ಶೇಕಡ 12, ಹೊಡೆದ ಗುರಿಗಳಲ್ಲಿ ಅವುಗಳ ಪಾಲು ಸುಮಾರು ಮೂರನೇ ಒಂದು. ಸಿಸಿಲಿ ದ್ವೀಪದ ಒಂದು ನೆಲೆಯಿಂದ ಹಾರಿದ ಆರು ಡೇನಿಷ್ ಎಫ್-16ಗಳು 923 ಬಾಂಬ್ ಹಾಕಿದವು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 923 ಅನ್ನೋದು ಹೆಮ್ಮೆಯಿಂದ ಹೇಳುವ ಅಂಕಿ ಅಲ್ಲ. ಆ ಬಾಂಬ್ ಬಿದ್ದ ಕಡೆ ಮನೆಗಳೂ ಇದ್ದವು. ಜನಸಾಮಾನ್ಯರು ಸತ್ತ ದಾಳಿಗಳಲ್ಲಿ ತನ್ನ ವಿಮಾನಗಳೂ ಇದ್ದವು ಅಂತ ಡೆನ್ಮಾರ್ಕ್ ಒಪ್ಪಿಕೊಂಡಿದ್ದು 2024ರಲ್ಲಿ, ಅದೂ ಪತ್ರಕರ್ತರು ಬೆನ್ನು ಹತ್ತಿದ ಮೇಲೆ. ಹದಿಮೂರು ವರ್ಷ ಬೇಕಾಯಿತು. ನೀವು ಬೈಯಬೇಕಾದದ್ದು ಇದಕ್ಕೆ ಅಲ್ವಾ? ಬೈದಿದ್ದರೆ ನಾನೇ ಲೈಕ್ ಒತ್ತುತ್ತಿದ್ದೆ. ಈ ದೇಶ ಎಲ್ಲ ಸರಿಯಾಗಿ ಮಾಡಿದೆ ಅಂತ ವಾದಿಸಲು ನಾನು ಇಲ್ಲಿ ಕೂತಿಲ್ಲ. ಇದನ್ನು ಬೈಯಲು ಎಷ್ಟೋ ಗಟ್ಟಿ ಕಾರಣಗಳಿವೆ. ಅವೆಲ್ಲ ಬಿಟ್ಟು ನಿಮಗೆ ಸಿಕ್ಕಿದ್ದು ಅದರ ಅಗಲ ಮಾತ್ರ.

ಇರಾಕ್ ವಿಷಯವನ್ನೇ ನೋಡಿ. ನಗರದ ಹೋಲ್ಮೆನ್ ಅನ್ನುವ ಹಳೆಯ ನೌಕಾನೆಲೆಯಲ್ಲಿ ಒಂದು ಜಲಾಂತರ್ಗಾಮಿಯನ್ನು ದಡಕ್ಕೆ ಎತ್ತಿ ಇಟ್ಟಿದ್ದಾರೆ. ಹೆಸರು ಸೇಲೆನ್, ಅಂದರೆ ಸೀಲ್ ಪ್ರಾಣಿ. ಮಗನನ್ನು ಕರೆದುಕೊಂಡು ಹೋಗಿದ್ದೆ. ಒಳಗೆ ನನ್ನಂಥ ಕುಳ್ಳಿಯೂ ತಲೆ ತಗ್ಗಿಸಿಯೇ ನಡೆಯಬೇಕು. ಪೈಪು, ಚಕ್ರ, ಮೀಟರುಗಳ ನಡುವೆ ಒಬ್ಬರು ದಾಟುವಷ್ಟೇ ಜಾಗ. ಬಾಲ್ಟಿಕ್‌ನ ತಣ್ಣೀರಿನಲ್ಲಿ ಕಾವಲು ಕಾಯಲು ಇಟ್ಟುಕೊಂಡಿದ್ದ 1960ರ ದಶಕದ ಪೆಟ್ಟಿಗೆ ಅದು. 2003ರಲ್ಲಿ, ಅಮೆರಿಕ ಇರಾಕಿನ ಮೇಲೆ ಯುದ್ಧಕ್ಕೆ ಹೋದಾಗ, ಅದನ್ನು ಪರ್ಷಿಯನ್ ಕೊಲ್ಲಿಯ ಬಿಸಿಗೆ ಕಳಿಸಿದರು. ಅಮೆರಿಕದ ವಿಮಾನವಾಹಕ ಹಡಗುಗಳ ಪಕ್ಕದಲ್ಲಿ ಈ ಮುದಿ ಸೀಲ್! ಒಳಗಿದ್ದ ನಾವಿಕರು ಬೆಂದು ಹೋಗಿರಬೇಕು. ಯುದ್ಧದ ದಿಕ್ಕನ್ನು ಅದು ಬದಲಿಸುತ್ತದೆ ಅಂತ ಯಾರೂ ನಂಬಿರಲಿಕ್ಕಿಲ್ಲ. ಅದನ್ನು ಕಳಿಸಿದ್ದು ‘ನಾವೂ ಬಂದಿದ್ದೇವೆ’ ಅಂತ ಹಾಜರಿ ಹಾಕಲು.

ಆ ಹಾಜರಿಗೆ ಸಂಸತ್ತಿನಲ್ಲಿ ಬಿದ್ದದ್ದು 61 ಮತ, ವಿರುದ್ಧ 50. ಸದ್ದಾಂ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ, ಇದು ನಂಬಿಕೆ ಅಲ್ಲ, ನಮಗೆ ಗೊತ್ತಿರುವ ವಿಷಯ ಅಂತ ಆಗಿನ ಪ್ರಧಾನಿ ಆಂಡರ್ಸ್ ಫೋಗ್ ರಾಸ್ಮುಸೆನ್ ಹೇಳಿದ್ದರು. ಅಸ್ತ್ರ ಸಿಗಲಿಲ್ಲ. ಗುಪ್ತಚರ ವರದಿಗಳು ಅಷ್ಟು ಖಚಿತವಾಗಿರಲಿಲ್ಲ ಅಂತ ಪತ್ರಿಕೆಗೆ ಕಾಗದ ಕೊಟ್ಟ ಅಧಿಕಾರಿ ಫ್ರಾಂಕ್ ಗ್ರೆವಿಲ್ ಜೈಲಿಗೆ ಹೋದರು. ಪ್ರಧಾನಿ 2009ರಲ್ಲಿ ನ್ಯಾಟೋದ ಪ್ರಧಾನ ಕಾರ್ಯದರ್ಶಿಯಾದರು. ಯಾರಿಗೆ ಯಾವ ಕುರ್ಚಿ ನೋಡಿ.

ಇಷ್ಟೆಲ್ಲ ಯಾಕೆ ಮಾಡಿದರು ಅನ್ನೋದು ಗುಟ್ಟೇನಲ್ಲ. ಕೊಸೊವೊ, ಅಫ್ಘಾನಿಸ್ತಾನ, ಇರಾಕ್ ಯುದ್ಧಗಳಿಗೆ ದೇಶ ಹೇಗೆ ಇಳಿಯಿತು ಅಂತ ಇಲ್ಲಿನ ಸಂಸತ್ತು ತನಿಖೆ ಮಾಡಿಸಿತು. 2019ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು ವರದಿ ಕೊಟ್ಟರು. ಅಮೆರಿಕದ ಜೊತೆ ಸಂಬಂಧ ಗಟ್ಟಿ ಇಟ್ಟುಕೊಳ್ಳುವುದೇ ದೊಡ್ಡ ಕಾರಣವಾಗಿತ್ತು ಅಂತ ಅದರಲ್ಲಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಎಲ್ಐಸಿ ಕಂತು. ನಾಳೆ ರಷ್ಯಾದಿಂದಲೋ ಇನ್ಯಾರಿಂದಲೋ ಕಷ್ಟ ಬಂದರೆ ದೊಡ್ಡಣ್ಣ ಬರುತ್ತಾನೆ ಅಂತ ಬೋಸ್ನಿಯಾದಿಂದ ಹೆಲ್ಮಂಡಿನವರೆಗೆ ಕಂತು ಕಟ್ಟಿದ್ದೇ ಕಟ್ಟಿದ್ದು. ಈಗ ಆ ದೊಡ್ಡಣ್ಣನೇ ಬಾಗಿಲಲ್ಲಿ ನಿಂತು ‘ಗ್ರೀನ್‌ಲ್ಯಾಂಡ್ ಕೊಡು’ ಅನ್ನುತ್ತಿದ್ದಾನೆ. ಮಾನ್ಯರೇ, ಎರಡು ಗಂಟೆ ಚರ್ಚೆಗೆ ಸಾಕಾಗುವಷ್ಟು ಸರಕು ಇದರಲ್ಲಿಲ್ಲವಾ? ನಿಮ್ಮ ಆಟಿಕೆ ಸೈನಿಕ ಇಷ್ಟನ್ನೂ ಮುಚ್ಚಿಬಿಟ್ಟ.

ಬೋಸ್ನಿಯಾ ಅಂದೆನಲ್ಲ, ಅದೊಂದು ಕಥೆ ಹೇಳಿಬಿಡುತ್ತೇನೆ. 1994ರ ಏಪ್ರಿಲ್ 29ರ ರಾತ್ರಿ. ತುಜ್ಲಾ ಹತ್ತಿರ ವಿಶ್ವಸಂಸ್ಥೆಯ ಒಂದು ಕಾವಲು ಠಾಣೆಯ ಮೇಲೆ ಬೋಸ್ನಿಯಾದ ಸರ್ಬರು ಗುಂಡು ಹಾರಿಸುತ್ತಿದ್ದರು. ನೆರವಿಗೆ ಹೊರಟ ಡೇನಿಷ್ ಟ್ಯಾಂಕ್‌ಗಳು ಬಿಳಿ ಬಣ್ಣದವು. ಕತ್ತಲಲ್ಲೂ ಎದ್ದು ಕಾಣಬೇಕು, ಶಾಂತಿಪಡೆ ನೋಡಿ! ದಾರಿಯಲ್ಲಿ ಹೊಂಚು ಹಾಕಿ ಕೂತವರು ಹೊಡೆದರು. ಶಾಂತಿಪಡೆ ಸುಮ್ಮನೆ ಹಿಂದೆ ಸರಿಯುತ್ತದೆ ಅಂತ ಅವರ ಲೆಕ್ಕ. ಡೇನರು ತಿರುಗಿ 72 ಶೆಲ್ ಹೊಡೆದರು. ಆ ಕಾರ್ಯಾಚರಣೆಗೆ ಉಳಿದ ಹೆಸರು ‘ಬೋಲೆಬ್ಯಾಂಕ್’. ಪುಂಡರಿಗೆ ಒದೆ ಅಂತ ಅರ್ಥ. ನಿಮ್ಮ ಶೀರ್ಷಿಕೆ ಬರೆಯುವವರಿಗೆ ಇಷ್ಟವಾದೀತು.

ಇನ್ನು ಬೆಣ್ಣೆ ತಿನ್ನುವ ವಿಷಯ. ಇಲ್ಲಿ ಈಸ್ಟರ್ ಆದ ನಾಲ್ಕನೇ ಶುಕ್ರವಾರ ‘ಮಹಾ ಪ್ರಾರ್ಥನೆಯ ದಿನ’ ಅಂತ ರಜೆ ಇತ್ತು. 1686ರಿಂದ ಬಂದ ರಜೆ. ಹಿಂದಿನ ಸಂಜೆ ಏಲಕ್ಕಿ ಹಾಕಿದ ಬನ್ ತಂದು, ಸೀಳಿ, ಕಾಯಿಸಿ, ಬೆಣ್ಣೆ ಹಚ್ಚಿ ತಿನ್ನುವುದು ವಾಡಿಕೆ. ಏಲಕ್ಕಿ ಘಮಕ್ಕೆ ನನಗೆ ಊರಿನ ಬೇಕರಿಯೇ ನೆನಪಾಗುತ್ತದೆ. 2023ರಲ್ಲಿ ಸರ್ಕಾರ ಆ ರಜೆಯನ್ನೇ ತೆಗೆದುಹಾಕಿತು. ಕಾರಣ, ರಕ್ಷಣಾ ಖರ್ಚಿಗೆ ದುಡ್ಡು ಬೇಕು. ಜನ ಬೀದಿಗಿಳಿದರು, ಪ್ರಯೋಜನ ಆಗಲಿಲ್ಲ. ಈಗ ಆ ಶುಕ್ರವಾರ ನಾವು ಆಫೀಸಿನಲ್ಲಿರುತ್ತೇವೆ. ಬನ್ ಮಾತ್ರ ಇನ್ನೂ ಸಿಗುತ್ತದೆ. ತನ್ನ ಬಳಿ ಬರಬೇಕಿದ್ದ 19 ಸೀಸರ್ ಫಿರಂಗಿಗಳನ್ನೂ ಈ ದೇಶ ಅದೇ ವರ್ಷ ಉಕ್ರೇನಿಗೆ ಕೊಟ್ಟಿತು. ಒಂದನ್ನೂ ಇಟ್ಟುಕೊಳ್ಳಲಿಲ್ಲ. 2025ರ ಜುಲೈಯಿಂದ ಹದಿನೆಂಟು ತುಂಬುವ ಹುಡುಗಿಯರೂ ಕಡ್ಡಾಯ ಸೇನಾ ಸೇವೆಗೆ ಯಾರು ಅಂತ ತೀರ್ಮಾನಿಸುವ ಚೀಟಿ ಎತ್ತಬೇಕು. ನನ್ನ ಮಗನ ತರಗತಿಯ ಹುಡುಗಿಯರು ಊಟದ ಬಿಡುವಿನಲ್ಲಿ ಅದನ್ನೇ ಮಾತಾಡುತ್ತಾರಂತೆ.

ಹುಳುಕು ಇಲ್ಲವೇ? ಬೇಕಾದಷ್ಟಿದೆ. ರಾಷ್ಟ್ರೀಯ ಉತ್ಪನ್ನದ ಶೇಕಡ 2ನ್ನು ರಕ್ಷಣೆಗೆ ಖರ್ಚು ಮಾಡುತ್ತೇವೆ ಅಂತ ನ್ಯಾಟೋಗೆ ಮಾತು ಕೊಟ್ಟು, ವರ್ಷಗಟ್ಟಲೆ ಅದರ ಹತ್ತಿರಕ್ಕೂ ಹೋಗಿರಲಿಲ್ಲ. 2024ರ ಮಾರ್ಚ್‌ನಲ್ಲಿ ಕೆಂಪು ಸಮುದ್ರದಲ್ಲಿ ಸರಕು ಹಡಗುಗಳ ಕಾವಲಿಗೆ ಹೋಗಿದ್ದ ಇವರ ಯುದ್ಧನೌಕೆ ಇವರ್ ಹ್ವಿಟ್‌ಫೆಲ್ಟ್ ನಾಲ್ಕು ಡ್ರೋನ್ ಹೊಡೆದುರುಳಿಸಿತು, ನಿಜ. ಆದರೆ ಅದೇ ಹೊತ್ತಿಗೆ ಅದರ ಕ್ಷಿಪಣಿ ವ್ಯವಸ್ಥೆ ಕೈಕೊಟ್ಟಿತ್ತು. ಫಿರಂಗಿಯ ಗುಂಡುಗಳು ಗುರಿ ಮುಟ್ಟುವ ಮೊದಲೇ, ಹಡಗಿನ ಹತ್ತಿರವೇ ಸಿಡಿಯುತ್ತಿದ್ದವು. ಈ ವಿಷಯ ಸಚಿವರಿಗೆ ಹೇಳದೆ ಇದ್ದದ್ದಕ್ಕೆ ಸೇನಾ ಮುಖ್ಯಸ್ಥರ ಕೆಲಸವೇ ಹೋಯಿತು. ಆ ದಾರಿಯ ಸರಕು ಹಡಗುಗಳಲ್ಲಿ ನಮ್ಮ ಕರಾವಳಿಯ ಹುಡುಗರೂ ದುಡಿಯುತ್ತಾರೆ. ಮಂಗಳೂರು, ಕಾರವಾರದ ಮನೆಗಳಿಗೆ ಇದು ದೂರದ ಸುದ್ದಿ ಅಲ್ಲ. ನಿಮ್ಮಲ್ಲಿ ಎಷ್ಟು ಜನ ಇದನ್ನು ತೋರಿಸಿದಿರಿ?

ಚಿಕ್ಕವರು ದೊಡ್ಡವರ ಯುದ್ಧಕ್ಕೆ ಹೋಗೋದು ನಮಗೆ ಹೊಸದೂ ಅಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೆಷಿನ್ ಗನ್‌ಗಳ ಎದುರು ಈಟಿ ಹಿಡಿದು ಕುದುರೆ ಓಡಿಸಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಸಂಸ್ಥಾನ ನಮ್ಮದು, ಯುದ್ಧ ಬ್ರಿಟಿಷರದು. ‘ನಮ್ಮವರನ್ನು ಇತಿಹಾಸ ಮರೆತಿದೆ’ ಅಂತ ನೀವೇ ಕಾರ್ಯಕ್ರಮ ಮಾಡುತ್ತೀರಿ, ಹಿನ್ನೆಲೆಯಲ್ಲಿ ಕಹಳೆ ಊದಿಸುತ್ತೀರಿ. ‘ಅಂಗೈಯಗಲದ ಮೈಸೂರಿಗೆ ಏನು ಆಸೆ’ ಅಂತ ಅವತ್ತು ಲಂಡನ್ನಿನಲ್ಲಿ ಯಾರಾದರೂ ನಕ್ಕಿದ್ದರೆ ಹೇಗಿರುತ್ತಿತ್ತು?

ನಾನು ಕೇಳುವುದು ಜಾಸ್ತಿ ಏನಿಲ್ಲ. ಆ ಕಾರ್ಯಕ್ರಮ ಮಾಡಿದ ವಾಹಿನಿ ಆ ತುಣುಕನ್ನು ತೆಗೆಯಲಿ, ಇಲ್ಲವೇ ಅದರ ಕೆಳಗೆ 44 ಅನ್ನುವ ಅಂಕಿ ಸೇರಿಸಲಿ. ತಿದ್ದುಪಡಿ ಓದುವುದಾದರೆ ರಾತ್ರಿ ಒಂಬತ್ತಕ್ಕೇ ಓದಿ. ನಕ್ಕದ್ದು ಒಂಬತ್ತಕ್ಕೆ, ವಿಷಾದ ಬೆಳಗಿನ ಜಾವ ಐದೂವರೆಗೆ ಅಂದರೆ ಯಾರು ನೋಡುತ್ತಾರೆ? ಯುದ್ಧದ ಸಾವಿನ ಸಂಖ್ಯೆ ಹೇಳುವಾಗ ಪಕ್ಕದಲ್ಲಿ ಆ ದೇಶದ ಜನಸಂಖ್ಯೆಯನ್ನೂ ಹಾಕಿ, ಯಾವ ದೇಶವಾದರೂ ಸರಿ. ಸತ್ತವರ ಸುದ್ದಿಗೆ ಗೊಂಬೆ, ಕಾರ್ಟೂನ್ ಬೇಡ. ಚರ್ಚೆಗೆ ಕರೆಯುವವರನ್ನು ಮೊದಲು ಒಂದು ಪ್ರಶ್ನೆ ಕೇಳಿ ನೋಡಿ: ಈ ದೇಶದ ಸೈನಿಕರು ಎಲ್ಲೆಲ್ಲಿ ಸತ್ತಿದ್ದಾರೆ, ಗೊತ್ತಾ? ಗೊತ್ತಿಲ್ಲದಿದ್ದರೆ ಬೇರೆಯವರನ್ನು ಕರೆಯಿರಿ. ಕನ್ನಡ ಮಾತಾಡುವವರು ಈಗ ಎಲ್ಲ ದೇಶದಲ್ಲೂ ಇದ್ದೇವೆ.

ನಿಮ್ಮವರು ಯಾರಾದರೂ ಈ ಕಡೆ ಬಂದರೆ ಸೆಪ್ಟೆಂಬರ್ 5ಕ್ಕೆ ಬರಲಿ. ನಮಗೆ ಅದು ಶಿಕ್ಷಕರ ದಿನ. ಇಲ್ಲಿ, ದೇಶದ ಹೊರಗೆ ಸೇವೆಗೆ ಹೋದ ಸೈನಿಕರ ಬಾವುಟದ ದಿನ. ಬಸ್ಸುಗಳ ಮೇಲೂ ಪುಟ್ಟ ಬಾವುಟ ಹಾರುತ್ತದೆ. ಕಸ್ಟೆಲೆಟ್ ಅನ್ನುವ ಹಳೆಯ ಕೋಟೆಯಲ್ಲಿ 2011ರಲ್ಲಿ ಕಟ್ಟಿದ ಸ್ಮಾರಕ ಇದೆ. ಕಲ್ಲಿನ ಗೋಡೆಯ ಮೇಲೆ ಸತ್ತವರ ಹೆಸರು, ಒಂದು ಆರದ ದೀಪ. ಅಲ್ಲಿಂದ ನಾಲ್ಕು ಹೆಜ್ಜೆಗೆ ಸಮುದ್ರದ ದಂಡೆಯ ಮತ್ಸ್ಯಕನ್ಯೆ ಪ್ರತಿಮೆ. ಪ್ರವಾಸಿಗಳೆಲ್ಲ ಅವಳ ಫೋಟೋ ತೆಗೆದು ಹಾಗೇ ಹೊರಟುಬಿಡುತ್ತಾರೆ. ನಾನೂ ಮೂರು ವರ್ಷ ಹಾಗೇ ಹೋಗಿದ್ದೆ.

ತಿದ್ದುಪಡಿ ಪ್ರಸಾರ ಮಾಡಿದರೆ ದಯವಿಟ್ಟು ಲಿಂಕ್ ಹಾಕಿ. ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನ ಸರದಿ ಬುಧವಾರ ಸಂಜೆ, ಮೇಲಿನವರದೂ ಅವತ್ತೇ. ಈ ಸಲ ಒಂದೊಂದು ಮಾತನ್ನೂ ಸರಿಯಾಗಿ ಡೇನಿಷ್‌ಗೆ ಅನುವಾದ ಮಾಡಿ ಹೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕೋಪನ್‌ಹೇಗನ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡತಿ